ಖಾಲಿ ಬಾಟಲಿಯ ಸೀಸ

ಜನವರಿ 12
ಹಾಸ್ಟೆಲ್, ಎರಡನೇ ಮಹಡಿ

ಪ್ರೀತಿಯ ಕತ್ತರಿಗೆ,

ನಿನ್ನೆ ಕೆಟ್ಟ ಕನಸು ಬಿತ್ತು. ನಿಮ್ಮಪ್ಪ ಬಸ್ಸು ಓಡಿಸುತ್ತಿದ್ದಾರೆ. ನಾನು ನನ್ನ ನೀರಿನ ಬಾಟಲಿಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದೇನೆ. ನೋಡಿದರೆ ಒಂದು ಬಾಟಲಿಗೂ ಮುಚ್ಚಳವಿಲ್ಲ. ನೀರೆಲ್ಲ ಇಳಿದು ಬಸ್ಸಿನ ತುಂಬ ಹರಿಯುತ್ತಿದೆ. ಜನ ಕಾಲು ಮೇಲೆತ್ತಿಕೊಂಡು ಕೂತಿದ್ದಾರೆ, ದಿನವೂ ಆಗುವುದೇ ಇದು ಎನ್ನುವ ಹಾಗೆ. ‘ನಿಲ್ಸಿ, ನಿಲ್ಸಿ’ ಅನ್ನುತ್ತೇನೆ. ನಿಮ್ಮಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿ ‘ಆಗ್ಲಿ’ ಅನ್ನುತ್ತಾರೆ. ನಿಲ್ಲಿಸುವುದಿಲ್ಲ.

ಎದ್ದವಳೇ ಲ್ಯಾಬಿಗೆ ಓಡಿದೆ. ಬಾಟಲಿಗಳು ಫ್ರಿಜ್ಜಿನಲ್ಲಿ ತಣ್ಣಗೆ ಕೂತಿದ್ದವು. ಒಂದೊಂದರ ಮುಚ್ಚಳವನ್ನೂ ಬಿಗಿ ಮಾಡಿ ಬಂದೆ. ಹಾಸ್ಟೆಲ್ ಬಾಗಿಲಿಗೆ ಬಂದ ಮೇಲೆ ಕೊನೆಯದನ್ನು ಬಿಗಿ ಮಾಡಿದೆನೋ ಇಲ್ಲವೋ ಅನ್ನಿಸಿ ಮತ್ತೆ ಹೋದೆ. ಲೋಹ ಅಳೆಯುವ ಯಂತ್ರ ನೋಡಿಕೊಳ್ಳುವವರನ್ನು ಇಲ್ಲಿನ ಹುಡುಗರು ಮೆಷಿನ್ ಮಾಮ ಎನ್ನುತ್ತಾರೆ. ಅವರು ನನ್ನನ್ನು ನೋಡಿ, ‘ಆಂಟಿ, ಇನ್ನೊಂದ್ಸಲ ತಿರುಗಿಸಿದ್ರೆ ಮುಚ್ಚಳ ಸವೆದುಹೋಗುತ್ತೆ’ ಅಂದರು.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಚಿಂತೆಗಳನ್ನೆಲ್ಲ ಬರೆದೇ ಕಳಿಸಬೇಕು, ಬರೆಯುವಷ್ಟರಲ್ಲಿ ಅರ್ಧ ಒಣಗಿರುತ್ತವೆ ಎಂದು ನೀನೇ ಕಾನೂನು ಮಾಡಿದ್ದೀಯ. ಇದು ಒಣಗುವ ಚಿಂತೆಯಲ್ಲ, ನೋಡು. ನಾನು ಎಂಟನೇ ತರಗತಿ ಅರ್ಧಕ್ಕೆ ಬಿಟ್ಟು ಟೈಲ್ಸ್ ಕಾರ್ಖಾನೆಗೆ ಸೇರಿ ಮೆರುಗು ಬಳಿದವಳು. ಆ ಮೆರುಗಿನಲ್ಲಿ ಸೀಸ ಇರುತ್ತಿತ್ತು ಎಂದು ತಿಳಿದದ್ದು ಮತ್ತೆ ಓದು ಹಿಡಿದು, ನಲವತ್ತು ದಾಟಿದ ಮೇಲೆ, ಇಲ್ಲಿ, ಭೂರಸಾಯನಶಾಸ್ತ್ರದ ಕ್ಲಾಸಿನಲ್ಲಿ. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಅದರ ಹಿತ್ತಿಲ ಗುಂಡಿಗೆ ಸುರಿದದ್ದೆಲ್ಲ ಮಣ್ಣಿಗಿಳಿದು ನಮ್ಮ ಬೀದಿಯ ಬಾವಿಗಳಿಗೆ ಬಂದಿದೆಯೇ? ನನ್ನ ಪ್ರಾಜೆಕ್ಟ್ ಇಷ್ಟೇ. ಬೀದಿಯವರೆಲ್ಲ ಕುಡಿಯುವ ಬಾವಿಗಳ ನೀರು ಈಗ ನನ್ನ ಬಾಟಲಿಗಳಲ್ಲಿದೆ.

ಲ್ಯಾಬಿನವರು ಆಸಿಡ್ಡಿನಲ್ಲಿ ತೊಳೆದು ಕವರು ಹಾಕಿ ಕೊಟ್ಟಿದ್ದ ಬಾಟಲಿಗಳನ್ನು ನಾನು ಮನೆಯಲ್ಲಿ ಬಿಚ್ಚಿ, ಅಡುಗೆಮನೆಯ ನಲ್ಲಿ ನೀರು ತುಂಬಿ, ಬೆಳಗಿನವರೆಗೆ ನೆನೆಯಿಟ್ಟಾಗ ನೀನು ನಕ್ಕೆಯಲ್ಲ. ನಗು. ಯಾರೋ ತೊಳೆದದ್ದನ್ನು ನಾನು ನಂಬುವವಳಲ್ಲ.

ಗಣಿ ಕಂಪನಿಯವರು ಬಂದು ಸಂದರ್ಶನ ಮಾಡಿದರು. ಅದಿರು ಪರೀಕ್ಷಿಸುವ ಲ್ಯಾಬಿಗೆ ನನ್ನನ್ನು ಆರಿಸಿದ್ದಾರೆ. ಬೇಸಿಗೆಯೊಳಗೆ ಪ್ರಾಜೆಕ್ಟ್ ಮುಗಿಸಿ ಪಾಸಾಗಿರಬೇಕು, ಅಷ್ಟೇ. ಅಷ್ಟೇ ಎಂದು ಬರೆದ ಮೇಲೆ ಆ ಸಾಲನ್ನು ಮೂರು ಸಲ ಓದಿದೆ. ಮಲಗುವ ಮುಂಚೆ ಗ್ಯಾಸ್ ನೋಡು.

ನಿನ್ನ ಅಮ್ಮ, ಮುಚ್ಚಳಗಳ ಕಾವಲುಗಾರ್ತಿ


ಜನವರಿ 25

ಅಮ್ಮ,

ಗ್ಯಾಸ್ ನೋಡಿದೆ. ಹಿಂಬಾಗಿಲು ನೋಡಿದೆ. ನೀನು ಕೇಳುವ ಮುಂಚೆಯೇ ಇಸ್ತ್ರಿಪೆಟ್ಟಿಗೆಯನ್ನೂ ನೋಡಿದೆ.

ಮುಂಗೋಣೆಯ ನನ್ನ ಪಾರ್ಲರಿನಲ್ಲಿ ನೀನೇ ಈಗ ಮುಖ್ಯ ವಿಷಯ. ಎದುರು ಸಾಲಿನ ಟೀಚರಮ್ಮ ಕೂದಲು ಕತ್ತರಿಸಿಕೊಳ್ಳುತ್ತ ಕೇಳಿದರು, ‘ನಿಮ್ಮಮ್ಮ ಅದೇನೋ ಓದ್ತಿದಾರಂತಲ್ಲ, ಕಲ್ಲಿಂದಾ ನೀರಿಂದಾ?’

‘ಎರಡ್ರದ್ದೂ. ಕಲ್ಲಲ್ಲಿರೋದು ನೀರಿಗೆ ಹೆಂಗೆ ಬರುತ್ತೆ ಅಂತ.’

‘ಅದನ್ನ ಓದಿ ಏನಾಗ್ತಾರೆ?’

ನನಗೆ ತಿಳಿದಷ್ಟು ಒಪ್ಪಿಸಿದೆ. ನಿನ್ನ ಕ್ಲಾಸಿನ ಒಬ್ಬ ತೈಲ ಕಂಪನಿಗೆ ಹೋದ, ಒಬ್ಬಳು ಸಿಮೆಂಟ್ ಕಾರ್ಖಾನೆಯಲ್ಲಿ ಸುಣ್ಣಕಲ್ಲು ನೋಡುತ್ತಾಳೆ, ಇನ್ನೊಬ್ಬ ಆಕಾಶದಿಂದ ಬಿದ್ದ ಕಲ್ಲು ಕೊಯ್ದುಕೊಂಡು ಪಿಎಚ್‌ಡಿ ಮಾಡುತ್ತಾನೆ, ನೀನು ಗಣಿಗೆ. ಟೀಚರಮ್ಮ ತಲೆ ಅಲ್ಲಾಡಿಸಿಬಿಟ್ಟರು, ಅರ್ಧ ಇಂಚು ಹೆಚ್ಚು ಹೋಯಿತು. ‘ಈ ವಯಸ್ಸಲ್ಲಿ ಗಣಿಗಾ? ಮನೇಲಿ ಮಗಳು ಅಳಿಯ ಇದಾರೆ, ಗಂಡ ಇದಾರೆ. ಕಲ್ಲು ಎಲ್ಲಿಗೆ ಓಡಿಹೋಗುತ್ತೆ?’

ನಾನು ಇನ್ನೊಂದು ಕಡೆಯೂ ಅರ್ಧ ಇಂಚು ಕತ್ತರಿಸಿ ಸಮ ಮಾಡಿದೆ. ಸತ್ಯ ಹೇಳಲಾ? ಒಂದೊಂದು ದಿನ ನನಗೂ ಹಾಗೇ ಅನ್ನಿಸುತ್ತದೆ.

ಅಪ್ಪ ಚೆನ್ನಾಗಿದ್ದಾರೆ. ನಿನ್ನ ಅಳಿಯನ ಲಿಫ್ಟ್ ರಿಪೇರಿ ಕೆಲಸ ಜೋರಾಗಿದೆ, ಮನೆಗೆ ಬರುವಷ್ಟರಲ್ಲಿ ಕತ್ತಲೆ. ನಾನು ಕೂದಲಿಗೆ ಬಣ್ಣ ಹಚ್ಚುವುದನ್ನು ಸದ್ಯಕ್ಕೆ ನಿಲ್ಲಿಸಿದ್ದೇನೆ. ವಾಸನೆ ಆಗುತ್ತಿಲ್ಲ.

ಇಂತಿ, ಕತ್ತರಿ


ಫೆಬ್ರವರಿ 9

ಕತ್ತರಿ,

ಬಾವಿ ನೀರು ಕುಡಿಯಬೇಡ. ಬೆಳಿಗ್ಗೆ ನಿಮ್ಮಪ್ಪನಿಗೆ ಫೋನಿನಲ್ಲಿ ಹೇಳಿದ್ದೇನೆ. ‘ಆಗ್ಲಿ’ ಅಂದು ಇಟ್ಟರು. ಅವರ ಆಗಲಿಯನ್ನು ನಂಬಿ ಕೂರಲಾಗದೆ ಬರೆಯುತ್ತಿದ್ದೇನೆ.

ಎಲ್ಲ ಬಾವಿಗಳಲ್ಲೂ ಸೀಸ. ಬಾವಿಮನೆ ಅಜ್ಜನ ಬಾವಿಯಲ್ಲಿ, ಹಿತ್ತಿಲ ಬಾವಿಗಳಲ್ಲಿ, ಒಂದನ್ನೂ ಬಿಡದ ಹಾಗೆ. ಗುಡ್ಡದ ಮೇಲಿನ ಬಾವಿಗೂ ಕಾರ್ಖಾನೆಗೂ ಸಂಬಂಧವೇ ಇಲ್ಲ, ಹೋಲಿಸಿ ನೋಡಲಿಕ್ಕೆಂದು ಅದನ್ನು ತಂದಿದ್ದೆ. ಅದರಲ್ಲೂ ಇದೆ. ಗುಡ್ಡವನ್ನೂ ಹತ್ತಿಬಿಟ್ಟಿದೆಯೆಂದರೆ ಎಷ್ಟು ಸುರಿದಿರಬೇಕು. ನನ್ನ ಈ ಕೈಗಳಿಂದಲೇ ಬಕೆಟ್ಟುಗಟ್ಟಲೆ ಗುಂಡಿಗೆ ಸುರಿದಿದ್ದೇನೆ.

ಮೆಷಿನ್ ಮಾಮ ತಡೆದರು. ‘ಆಂಟಿ, ನಿಮ್ಮ ಬ್ಲ್ಯಾಂಕ್ ಇನ್ನೂ ಓಡಿಸಿಲ್ಲ. ಅದು ಬರೋತನಕ ಬಾಯಿ ಬಿಡ್ಬೇಡಿ.’ ಬ್ಲ್ಯಾಂಕ್ ಅಂದರೆ ಖಾಲಿ ಬಾಟಲಿ. ಬಾವಿ ನೀರು ಹಾಕದೆ, ಲ್ಯಾಬಿನಿಂದ ಒಯ್ದ ಶುದ್ಧ ನೀರನ್ನು ಮಾತ್ರ ಊರಿನಲ್ಲಿ ತುಂಬಿ, ಉಳಿದವುಗಳ ಜೊತೆ ತಂದದ್ದು. ಅದರಲ್ಲಿ ಏನೂ ಸಿಗಬಾರದು. ಅದನ್ನು ಯಂತ್ರದಲ್ಲಿ ಓಡಿಸಿ ಅಳೆಯುವ ಮೊದಲೇ ಪಂಪು ಕೆಟ್ಟಿತು, ರಿಪೇರಿಯವನು ಯಾವಾಗ ಬರುತ್ತಾನೋ. ಅಲ್ಲಿಯವರೆಗೆ ನೀವೆಲ್ಲ ಕುಡಿಯುತ್ತಲೇ ಇರಬೇಕೇ? ನನ್ನಿಂದ ಆಗಲಿಲ್ಲ.

ನಮ್ಮ ನಲ್ಲಿಗೆ ಬರುವುದು ಊರಾಚೆಯ ಕೆರೆಯ ನೀರು, ಬಾವಿಗೂ ಅದಕ್ಕೂ ಸಂಬಂಧವಿಲ್ಲ. ಬ್ಲೀಚಿಂಗ್ ವಾಸನೆಯೆಂದು ಪಾತ್ರೆಗೆ ಮಾತ್ರ ಬಳಸುತ್ತಿದ್ದೆವಲ್ಲ, ಇನ್ನು ಅದನ್ನೇ ಕುಡಿಯಿರಿ. ಎದುರು ಸಾಲಿನವರಿಗೆ ನಲ್ಲಿ ಇಲ್ಲ. ಅವರಿಗೂ ನಮ್ಮ ಮನೆಯಿಂದಲೇ ಕೊಡು. ಬೀದಿಗೆಲ್ಲ ಹೇಳು.

ಬಣ್ಣದ ವಾಸನೆ ಆಗುತ್ತಿಲ್ಲ ಅಂದೆ. ನಿನಗೆ ಯಾವತ್ತೂ ಹಾಗಾಗಿರಲಿಲ್ಲ. ನಾನು ಕೇಳುವುದಿಲ್ಲ.

ನಿನ್ನ ಅಮ್ಮ


ಫೆಬ್ರವರಿ 24

ಅಮ್ಮ,

ಹೇಳಿದೆ. ಬೀದಿಗೆಲ್ಲ ಹೇಳಿದೆ. ನೀನು ಹೇಳಿದ್ದೀಯ ಎನ್ನುವಾಗ ಸ್ವಲ್ಪ ಜಂಬವೂ ಬಂತು.

ಈಗ ನಮ್ಮ ಮನೆ ನೀರಿನ ಕಚೇರಿ. ಬೆಳಗಾದರೆ ಅಡುಗೆಮನೆಯಿಂದ ಬಾಗಿಲವರೆಗೆ ಬಿಂದಿಗೆಗಳ ಸಾಲು. ಟೀಚರಮ್ಮ ತಮ್ಮ ಬಿಂದಿಗೆಯನ್ನು ಪಾರ್ಲರಿನ ಕುರ್ಚಿಯ ಮೇಲೆ ಕೂರಿಸಿ ಹೋಗುತ್ತಾರೆ. ನಾನು ಅದಕ್ಕೊಂದು ಟವೆಲ್ ಹೊದಿಸಿ, ‘ಹೇಳಿ ಮೇಡಂ, ಹೇಗೆ ಕತ್ತರಿಸ್ಲಿ?’ ಅಂದೆ. ಎಲ್ಲರೂ ನಕ್ಕರು.

ಬಾವಿಮನೆ ಅಜ್ಜ ನಗಲಿಲ್ಲ. ಅವರ ಬಾವಿಗೆ ಈಗ ಹಲಗೆ ಮುಚ್ಚಿದೆ. ಬೀದಿಯ ಆಚೆಯಿಂದಲೇ ನನ್ನನ್ನು ಕರೆದು, ‘ನಮ್ಮಪ್ಪ ತೋಡ್ಸಿದ ಬಾವಿ. ನಿಮ್ಮಮ್ಮ ಹುಟ್ಟಿದಾಗ ಅವಳ ಮೈ ತೊಳ್ದಿದ್ದು ಇದೇ ನೀರಲ್ಲಿ. ಈಗ ವಿಷ ಅಂತಾಳಾ?’ ಅಂದರು. ಕೋಪಕ್ಕಿಂತ ಬೇರೇನೋ ಇತ್ತು ಆ ದನಿಯಲ್ಲಿ. ಬಾವಿಯ ಕಟ್ಟೆಯ ಮೇಲೆ ಈಗ ಅವರೊಬ್ಬರೇ ಕೂತಿರುತ್ತಾರೆ.

ಕೇಳುವುದಿಲ್ಲ ಎಂದು ಬರೆದು ಕೇಳಿಬಿಟ್ಟೆಯಲ್ಲ. ಹೌದು. ಮೂರನೇ ತಿಂಗಳು. ಡಾಕ್ಟರಮ್ಮ ನೀರು ಚೆನ್ನಾಗಿ ಕುಡಿಯಬೇಕು ಅಂದಿದ್ದಾರೆ. ಬಿಂದಿಗೆಗಳು ಬರುವ ಮೊದಲೇ ಎದ್ದು, ನಲ್ಲಿಯಿಂದ ಮೊದಲು ಬರುವ ತಣ್ಣನೆಯ ನೀರನ್ನೇ ಒಂದು ದೊಡ್ಡ ಲೋಟ ಹಿಡಿದು ಕುಡಿಯುತ್ತೇನೆ. ನಿನ್ನ ಮಾತು ಇಷ್ಟು ಚಾಚೂ ತಪ್ಪದೆ ಕೇಳಿದ್ದು ನನ್ನ ಜನ್ಮದಲ್ಲಿ ಇದೇ ಮೊದಲು.

ಬೇಸಿಗೆಗೆ ಗಣಿಗೆ ಹೋಗಲೇಬೇಕಾ?

ನಿನ್ನ ಕತ್ತರಿ


ಮಾರ್ಚ್ 3

ನನ್ನ ಕಂದ,

ಫೋನಿನಲ್ಲಿ ನಾನು ಅರಚಿದ್ದು ನಿಮ್ಮಪ್ಪನಿಗೆ ಎಷ್ಟು ಅರ್ಥವಾಯಿತೋ. ನಲ್ಲಿ ನೀರು ಕುಡಿಯಬೇಡ. ಒಂದು ಗುಟುಕೂ ಬೇಡ. ಯಾರಿಗೂ ಕೊಡಬೇಡ. ಅಪ್ಪನ ಬಸ್ ಡಿಪೋ ಹೊಸ ಕಟ್ಟಡ, ಪ್ಲಾಸ್ಟಿಕ್ ಪೈಪು. ಕ್ಯಾನಿನಲ್ಲಿ ಅಲ್ಲಿಯ ನೀರು ತರಲಿ. ಡಾಕ್ಟರಮ್ಮನ ಹತ್ತಿರ ಇವತ್ತೇ ಹೋಗಿ, ರಕ್ತದಲ್ಲಿ ಸೀಸ ಎಷ್ಟಿದೆ ನೋಡಬೇಕು ಎಂದು ಹೇಳು. ಹಾಗೇ ಹೇಳು, ಅವರಿಗೆ ತಿಳಿಯುತ್ತದೆ. ಇಷ್ಟು ಮಾಡಿ ಆಮೇಲೆ ಮುಂದಿನದನ್ನು ಓದು.

ಯಂತ್ರ ರಿಪೇರಿಯಾಗಿ ಖಾಲಿ ಬಾಟಲಿಯನ್ನು ಓಡಿಸಿದರು. ಮೆಷಿನ್ ಮಾಮ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಬಾವಿಗಳಲ್ಲಿ ಇದ್ದಷ್ಟೇ ಸೀಸ ಖಾಲಿ ಬಾಟಲಿಯಲ್ಲೂ ಇತ್ತು. ಗೈಡ್ ಮೇಡಂ ಬಂದರು. ನನಗಿಂತ ಚಿಕ್ಕವರು, ಆದರೂ ಅವರು ಬಂದರೆ ನಾನೇ ಎದ್ದು ನಿಲ್ಲುತ್ತೇನೆ.

‘ಬಾಟಲಿಗಳಿಗೆ ಏನಾದ್ರೂ ಮಾಡಿದ್ರಾ?’

‘ತೊಳೆದೆ ಮೇಡಂ.’

‘ತೊಳೆದೇ ಕೊಟ್ಟಿದ್ವಲ್ಲ?’

‘ಇನ್ನೊಂದ್ಸಲ ತೊಳೆದೆ. ನಲ್ಲಿ ನೀರು ತುಂಬಿ ನೆನೆ ಹಾಕಿದ್ದೆ.’

ಮೇಡಂ ಒಂದು ಬಾಟಲಿಯನ್ನು ಕೈಗೆತ್ತಿಕೊಂಡರು. ನಿಧಾನವಾಗಿ ವಿವರಿಸಿದರು. ನೀರಿನಲ್ಲಿರುವ ಸೀಸ ಪ್ಲಾಸ್ಟಿಕ್ಕಿನ ಒಳಗೋಡೆಗೆ ಹೋಗಿ ಅಂಟಿಕೊಳ್ಳುತ್ತದೆ. ನೀರು ಚೆಲ್ಲಿದರೂ ಬಿಡುವುದಿಲ್ಲ. ಮಾದರಿ ಕೆಡದಿರಲೆಂದು ಆಮೇಲೆ ಆಸಿಡ್ ಹನಿ ಹಾಕುತ್ತೇವಲ್ಲ, ಆಗ ಬಿಟ್ಟುಕೊಳ್ಳುತ್ತದೆ. ಯಂತ್ರ ಅಳೆದದ್ದು ಬಾವಿಯದನ್ನಲ್ಲ, ಬಾಟಲಿಯ ಗೋಡೆಯದನ್ನು. ಇಷ್ಟು ವರ್ಷದಲ್ಲಿ ಕೊಳಕು ಬಾಟಲಿ ತಂದವರನ್ನು ನೋಡಿದ್ದಾರಂತೆ, ಅತಿಯಾಗಿ ತೊಳೆದು ಕೆಡಿಸಿದವರು ನಾನೇ ಮೊದಲಂತೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಾಸ್ಟೆಲ್ಲಿಗೆ ನಡೆದೆ. ಮೊದಲು ನನ್ನ ಬಗ್ಗೆಯೇ ಯೋಚನೆ. ಪ್ರಾಜೆಕ್ಟ್ ಹೋಯಿತು, ಕೆಲಸ ಹೋಯಿತು, ಬೀದಿಯಲ್ಲಿ ಮಾನ ಹೋಯಿತು. ಮೆಟ್ಟಿಲು ಹತ್ತುತ್ತಿದ್ದಾಗ ಕಾಲು ನಿಂತಿತು. ಬಾಟಲಿ ಲ್ಯಾಬಿನದು, ಚೊಕ್ಕಟ. ಒಳಗೆ ತುಂಬಿದ ನೀರೂ ಲ್ಯಾಬಿನದು, ಚೊಕ್ಕಟ. ಹಾಗಾದರೆ ಗೋಡೆಗೆ ಅಂಟಿದ ಸೀಸ ಎಲ್ಲಿಂದ ಬಂತು? ಬಾಟಲಿಗೆ ನಾನು ಸೇರಿಸಿದ್ದು ಒಂದೇ ಒಂದು. ನಮ್ಮ ಅಡುಗೆಮನೆಯ ನಲ್ಲಿ ನೀರು.

ನಿನ್ನ ಹಿಂದಿನ ಪತ್ರ ಮೇಜಿನ ಮೇಲೇ ಇತ್ತು. ಮೊದಲು ಬರುವ ತಣ್ಣನೆಯ ನೀರು ಎಂದು ಬರೆದಿದ್ದೀಯ. ಪೈಪಿನೊಳಗೆ ಬೆಳಗಿನವರೆಗೆ ನಿಂತಿದ್ದ ನೀರು ಅದೇ, ಕತ್ತರಿ. ಎಲ್ಲಕ್ಕಿಂತ ಕೆಟ್ಟದ್ದು ಅದೇ.

ನಮ್ಮ ಸಾಲಿನ ಮನೆಗಳು ಕಾರ್ಖಾನೆಯವರು ಕಟ್ಟಿಸಿದ ಹಳೆಯ ಮನೆಗಳು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ತೊಟ್ಟಿಯ ಕೆಳಗಿನ ಹಲಗೆ ಬಿಚ್ಚಿ ಪೈಪನ್ನು ಮೊಳೆಯಿಂದ ಗೀಚಲು ಅಪ್ಪನಿಗೆ ಹೇಳು. ಒಳಗೆ ಬೆಳ್ಳಿಯ ಹಾಗೆ ಹೊಳೆದು, ಬೆಣ್ಣೆಯ ಹಾಗೆ ಮೆತ್ತಗಿದ್ದರೆ ಅದು ಸೀಸದ ಪೈಪು. ಬಾವಿಯ ಬಗ್ಗೆ ಈಗ ನನಗೆ ಏನೂ ಗೊತ್ತಿಲ್ಲ. ಒಳ್ಳೆಯದು ಅನ್ನಲೂ ಆಗದು, ಕೆಟ್ಟದ್ದು ಅನ್ನಲೂ ಆಗದು. ಬೀದಿಯವರಿಗೆ ಹಾಗೆಯೇ ಹೇಳಿ. ನನ್ನ ಮಾತೇ ತಪ್ಪಾಗಿತ್ತು ಎಂದೂ ಹೇಳಿ.

ಅಮ್ಮ


ಮಾರ್ಚ್ 10

ಇವಳೇ,

ನಾನು ಪತ್ರ ಬರೆದು ಅಭ್ಯಾಸ ಇಲ್ಲ. ಮಗಳು ಬರೆಯುವುದಿಲ್ಲ ಎನ್ನುತ್ತಿದ್ದಾಳೆ, ಅದಕ್ಕೆ ನಾನು.

ಗೀಚಿದೆ. ಹೊಳೆಯಿತು. ಉಗುರಿನಿಂದಲೂ ಗೆರೆ ಬೀಳುತ್ತದೆ. ಇಷ್ಟು ವರ್ಷ ತುಕ್ಕು ಹಿಡಿಯದ ಪೈಪು ಎಂದು ನಾನೇ ಎಲ್ಲರೆದುರು ಹೊಗಳುತ್ತಿದ್ದೆ.

ಮನೆಮನೆಗೆ ಹೋಗಿ ನಾನೇ ಹೇಳಿದೆ. ಬಾಗಿಲು ಹಾಕಿಕೊಂಡವರೂ ಇದ್ದಾರೆ. ಟೀಚರಮ್ಮ ಅಂದದ್ದು ಕೇಳು: ‘ಬಾವಿ ಬೇಡ ಅಂದ್ರಿ, ನಲ್ಲಿಗೆ ಬಂದ್ವಿ. ಈಗ ನಲ್ಲಿ ಬೇಡ ಅಂತೀರಿ. ನಾಳೆ ಮಳೆ ಬೇಡ ಅನ್ನಿ. ಸೀಸೆ ತೊಳ್ಯೋಕೆ ಬರದೋರು ಸೀಸ ಹುಡುಕಕ್ಕೆ ಹೋದ್ರಂತೆ.’ ನಾನು ಕೇಳಿಸಿಕೊಂಡು ನಿಂತಿದ್ದೆ. ಅವರ ಮನೆಯಲ್ಲೂ ಚಿಕ್ಕ ಮಕ್ಕಳಿದ್ದಾರೆ.

ರಕ್ತ ಕೊಟ್ಟು ಬಂದಿದ್ದೇವೆ. ವರದಿ ಬರಬೇಕು. ಅವಳು ಪಾರ್ಲರಿನಲ್ಲಿ ಗಿರಾಕಿ ಇಲ್ಲದ ಕುರ್ಚಿಯನ್ನು ಒರೆಸುತ್ತ ಕೂತಿರುತ್ತಾಳೆ. ಅಳುವುದಿಲ್ಲ, ಅದೇ ನನಗೆ ಸರಿ ಕಾಣುವುದಿಲ್ಲ. ಅಳಿಯ ಅವಳಿಗೆ ಬೇಕಾದ ನೀರನ್ನು ತಾನೇ ಹೊತ್ತು ತರುತ್ತಿದ್ದಾನೆ.

ಮನೆಗೆ ಬಾ. ಬರಿಗೈಯಲ್ಲಿ ಬರಬೇಡ, ಬಾಟಲಿ ತಾ. ತೊಳೆಯಬೇಡ.

ಡಿಪೋದಿಂದ, ನಾನು


ಮಾರ್ಚ್ 17

ಕತ್ತರಿ,

ನೀನು ಬರೆಯುತ್ತಿಲ್ಲ. ಬರೆಯಲೇಬೇಕು ಎಂದು ನಾನು ಕೇಳುವುದಿಲ್ಲ, ಈ ಸಲ ನಿಜವಾಗಿಯೂ ಕೇಳುವುದಿಲ್ಲ. ಆದರೆ ನಾನು ಮಾಡುತ್ತಿರುವುದನ್ನು ನಿನಗೆ ತಿಳಿಸದೆ ಮಾಡಲಾರೆ.

ಮೇಡಂ ನನ್ನ ಮುಂದೆ ಎರಡು ದಾರಿ ಇಟ್ಟರು. ಹಿಂದಿನ ವಿದ್ಯಾರ್ಥಿಯೊಬ್ಬ ಗಣಿಯ ಕಲ್ಲುಗಳ ಮೇಲೆ ಮಾಡಿಟ್ಟ ಅಳತೆಗಳು ಇಲಾಖೆಯಲ್ಲಿವೆ. ಅವನ್ನು ಬಳಸಿ ಬೇರೆ ಪ್ರಾಜೆಕ್ಟ್ ಬರೆದರೆ ಬೇಸಿಗೆಯಲ್ಲಿ ಪಾಸು, ಗಣಿಯ ಕೆಲಸ ಉಳಿಯುತ್ತದೆ. ನಿಯಮದ ಪ್ರಕಾರ ಅದು ತಪ್ಪೂ ಅಲ್ಲ. ಇಲ್ಲದಿದ್ದರೆ ಹೊಸ ಬಾಟಲಿಗಳೊಂದಿಗೆ ಮೊದಲಿನಿಂದ ಶುರು. ಆಗ ಬೇಸಿಗೆಯ ಪರೀಕ್ಷೆ ತಪ್ಪುತ್ತದೆ, ಕಂಪನಿಯವರು ಕಾಯುವುದಿಲ್ಲ.

ಮೇಡಂ ‘ಯೋಚ್ನೆ ಮಾಡಿ ಹೇಳಿ’ ಅಂದರು. ನನಗೆ ಯೋಚನೆ ಮಾಡುವುದೊಂದೇ ಬರುವುದು, ನಿನಗೆ ಗೊತ್ತು. ಯಾವ ಬಸ್ಸು ಹತ್ತಬೇಕೆಂದು ಯೋಚಿಸಿ ಎರಡನ್ನೂ ಬಿಟ್ಟುಕೊಂಡವಳು ನಾನು. ಈ ಸಲ ಅಲ್ಲೇ ನಿಂತು ಹೇಳಿಬಿಟ್ಟೆ. ‘ಹೊಸ ಬಾಟ್ಲಿ ಕೊಡಿ ಮೇಡಂ.’

ಬೇಸಿಗೆಗೆ ಬರಲಾಗುವುದಿಲ್ಲ ಎಂದು ಕಂಪನಿಗೂ ಬರೆದು ಹಾಕಿದೆ. ಅದು ಧೈರ್ಯವಲ್ಲ. ಪಕ್ಕದ ರೂಮಿನ ಹುಡುಗಿ ನನ್ನ ಕೈಯಿಂದ ಪತ್ರ ಕಿತ್ತುಕೊಂಡು ತಾನೇ ಅಂಚೆ ಡಬ್ಬಿಗೆ ಹಾಕಿ ಬಂದಳು, ಇಲ್ಲದಿದ್ದರೆ ಇನ್ನೂ ವಿಳಾಸ ಸರಿಯಿದೆಯೇ ಎಂದು ನೋಡುತ್ತಿರುತ್ತಿದ್ದೆ. ಆದರೆ ಬರೆದದ್ದು ನಾನೇ.

ನನ್ನ ಮಾತಿನಿಂದ ಒಂದು ಬೀದಿ ನೀರು ಬದಲಾಯಿಸಿತು. ಇನ್ನು ಆ ಬೀದಿಗೆ ನಾನು ‘ಗೊತ್ತಿಲ್ಲ’ ಎಂದು ಹೇಳಿ ಅದಿರು ಅಳೆಯಲು ಹೋಗಲಾರೆ. ಬಾವಿಗಳು, ನಮ್ಮ ಸಾಲಿನ ಪ್ರತಿ ನಲ್ಲಿ, ನಿಂತ ನೀರು ಬೇರೆ, ಹರಿದ ನೀರು ಬೇರೆ, ಎಲ್ಲವನ್ನೂ ಅಳೆಯುತ್ತೇನೆ. ಬಾಗಿಲು ತೆರೆಯದಿದ್ದರೆ ಜಗಲಿಯಲ್ಲಿ ಕೂರುತ್ತೇನೆ. ಮಗು ಹುಟ್ಟಿದಾಗ ಅದರ ಬಾಯಿಗೆ ಯಾವ ನೀರು ಎಂದು ಕೇಳಿದರೆ ಕೈ ತೋರಿಸಿ ಇದು ಎಂದು ಹೇಳುವಂತಾಗಬೇಕು.

ಮುಂದಿನ ವಾರ ಬರುತ್ತೇನೆ. ಮಾತಾಡದಿದ್ದರೂ ಪರವಾಗಿಲ್ಲ. ಊಟ ಬಿಡಬೇಡ.

ಅಮ್ಮ


ಏಪ್ರಿಲ್ 20

ಅಮ್ಮ,

ನೀನು ಮನೆಯಲ್ಲಿದ್ದಷ್ಟು ದಿನ ನಾನು ಸರಿಯಾಗಿ ಮಾತಾಡಲಿಲ್ಲ. ಎದುರಿಗಿದ್ದರೆ ನೀನು ಅಳುತ್ತೀಯ, ಆಮೇಲೆ ನಾನೇ ಸಮಾಧಾನ ಮಾಡಬೇಕು. ಅದಕ್ಕೆ ಈಗ ಬರೆಯುತ್ತೇನೆ.

ನನಗೆ ಕೋಪ ಬಂದದ್ದು ನೀನು ಬಾಟಲಿ ತೊಳೆದದ್ದಕ್ಕಲ್ಲ. ಹುಟ್ಟಿದಾಗಿನಿಂದ ನಿನ್ನ ಗಾಬರಿಗಳನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟವಳು ನಾನು. ಒಂದೇ ಒಂದನ್ನು ನಂಬಿದೆ, ಓದಿದ್ದಾಳೆ, ಗೊತ್ತಿರುತ್ತದೆ ಎಂದು. ನಂಬಿದ್ದನ್ನೇ ಲೋಟದಲ್ಲಿ ಹಿಡಿದು ಕುಡಿದೆ. ಹೊಟ್ಟೆಯಲ್ಲಿರುವುದಕ್ಕೂ ಕುಡಿಸಿದೆ. ಇದನ್ನು ಬರೆದು ಮುಗಿಸಿದೆ, ಇನ್ನು ಹೇಳುವುದಿಲ್ಲ.

ರಕ್ತದ ವರದಿ ಬಂತು. ಸೀಸ ಇರಬಹುದಾದದ್ದಕ್ಕಿಂತ ಸ್ವಲ್ಪ ಹೆಚ್ಚು. ಡಾಕ್ಟರಮ್ಮ, ‘ಬೇಗ ನಿಲ್ಸಿದ್ರಿ, ಒಳ್ಳೇದಾಯ್ತು. ಇಳಿಯುತ್ತೆ, ನೋಡ್ತಾ ಇರೋಣ’ ಅಂದರು. ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ಮುಂದಿನ ತಿಂಗಳು ಮತ್ತೆ ಪರೀಕ್ಷೆ. ಬೇಗ ನಿಲ್ಲಿಸಿದ್ದು ಯಾರು ಎಂದು ನನಗೆ ಗೊತ್ತು. ಅದನ್ನೂ ಬರೆಯಬೇಕಲ್ಲ.

ನೀನು ಬಾವಿಮನೆ ಅಜ್ಜನ ಬಾಗಿಲಲ್ಲಿ ನಿಂತಿದ್ದನ್ನು ಕಿಟಕಿಯಿಂದ ನೋಡಿದೆ. ಅವರು ಒಳಗಿನಿಂದಲೇ, ‘ಯಾರೂ ಇಲ್ಲ’ ಅಂದರು. ನೀನು, ‘ಯಾರೂ ಇಲ್ದೆ ಇದ್ರೆ ಕಾಯ್ತೀನಿ ಅಂತ ಅವರು ಬಂದ್ಮೇಲೆ ಹೇಳಿ’ ಎಂದು ಕಟ್ಟೆಯ ಮೇಲೆ ಕೂತೆ. ಬಿಸಿಲು ಏರಿತು. ಕೊನೆಗೆ ಅವರೇ ಬಂದು ಹಲಗೆ ಸರಿಸಿದರು.

‘ಈ ಸಲವೂ ತೊಳ್ಕೊಂಡು ಬಂದಿದ್ದೀಯಾ?’

‘ಇಲ್ಲ ಅಜ್ಜ. ಕವರೂ ಬಿಚ್ಚಿಲ್ಲ.’

‘ವಿಷ ಇದ್ರೆ ಮುಖಕ್ಕೇ ಹೇಳು. ಬೀದಿಯಿಂದ ಕೇಳ್ಸಿಕೊಳ್ಳೋ ಹಾಗೆ ಮಾಡ್ಬೇಡ.’

‘ಖಾಲಿ ಬಾಟ್ಲಿ ಅಳೆದು ಆದ್ಮೇಲೇ ಹೇಳ್ತೀನಿ. ಮೊದ್ಲು ನಿಮಗೇ.’

ಅಡುಗೆಮನೆಯ ಮೇಜಿನ ಮೇಲೆ ಕವರಿನ ಬಾಟಲಿಗಳನ್ನಿಟ್ಟು, ಮುಟ್ಟದಿರಲೆಂದು ಕೈಗಳ ಮೇಲೆ ಕೂತಿದ್ದೆಯಲ್ಲ, ನಾನು ಒಳಕೋಣೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ನಗು ಬಂದಿತಲ್ಲ ಎಂದು ಆಮೇಲೆ ಅಳು ಬಂತು.

ಟೀಚರಮ್ಮನ ಕೂದಲು ಬೆಳೆದಿದೆ. ಬಂದೇ ಬರುತ್ತಾರೆ, ಕಾಯುತ್ತಿದ್ದೇನೆ.

ಕತ್ತರಿ


ಜೂನ್ 6

ಪ್ರೀತಿಯ ಕತ್ತರಿಗೆ,

ಈ ಸಲ ಮೊದಲು ಓಡಿಸಿದ್ದು ಖಾಲಿ ಬಾಟಲಿ. ನಾನೇ ಹಟ ಹಿಡಿದೆ. ಮೆಷಿನ್ ಮಾಮ ಪರದೆಯ ಮೇಲೆ ಬೆರಳಿಟ್ಟು, ‘ನೋಡಿ ಆಂಟಿ, ಏನೂ ಇಲ್ಲ’ ಅಂದರು. ಏನೂ ಇಲ್ಲದ್ದನ್ನು ನೋಡಿ ಇಷ್ಟು ಖುಷಿಪಟ್ಟವರು ಬೇರೆ ಯಾರೂ ಇರಲಾರರು. ಇನ್ನೊಂದು ಸಲ ಓಡಿಸಿ ಅಂದೆ. ಓಡಿಸಿದರು. ಆಗಲೂ ಏನೂ ಇರಲಿಲ್ಲ.

ಬಾವಿಗಳು ಚೆನ್ನಾಗಿವೆ. ಸೀಸ ಇದೆ ಅನ್ನಲಾಗದಷ್ಟು ಕಡಿಮೆ. ಕಾರ್ಖಾನೆಯ ಗುಂಡಿಯದು ಜೇಡಿಮಣ್ಣು, ಸೀಸವನ್ನು ತಾನೇ ಹಿಡಿದುಕೊಂಡು ಕೆಳಗೆ ಬಿಟ್ಟಿಲ್ಲ ಎನ್ನುತ್ತಾರೆ ಮೇಡಂ. ಇದನ್ನು ಹೇಳಲು ಬಾವಿಮನೆ ಅಜ್ಜನಿಗೇ ಮೊದಲು ಫೋನು ಮಾಡಿದೆ. ಮತ್ತೊಂದು ಸಲ ಹೇಳಿಸಿಕೊಂಡರು. ಆಮೇಲೆ, ‘ಬರೆದು ಕೊಡು. ಹಲಗೆ ತೆಗೆದಲ್ಲಿ ಅಂಟಿಸ್ಬೇಕು’ ಅಂದರು. ಬರೆದು, ಮೇಡಂ ಸಹಿ ಹಾಕಿಸಿ ಕಳಿಸಿದ್ದೇನೆ.

ಕೆಟ್ಟದ್ದು ನಮ್ಮ ಸಾಲು. ಬಹುತೇಕ ಎಲ್ಲ ಮನೆಗಳಲ್ಲೂ ಬೆಳಗಿನ ಮೊದಲ ನೀರಿನಲ್ಲಿ ಸೀಸ ಇದೆ, ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು. ಪ್ರಾಜೆಕ್ಟನ್ನು ಈಗ ಪೈಪುಗಳ ಮೇಲೆಯೇ ಬರೆದಿದ್ದೇನೆ. ವರದಿಯ ಒಂದು ಪ್ರತಿ ತೆಗೆದುಕೊಂಡು ನಾನೇ ನೀರಿನ ಇಲಾಖೆಗೆ ಹೋದೆ. ಬಾಗಿಲಲ್ಲಿ ನಿಂತಾಗ ಹೊರಟೇಹೋಗೋಣ ಅನ್ನಿಸಿತು. ಹೋಗಲಿಲ್ಲ. ಎಂಜಿನಿಯರು ಓದಿ, ‘ಇದು ಯಾರು ಅಳೆದಿದ್ದು?’ ಅಂದರು.

‘ನಾನು.’

‘ಹಿಂದೊಮ್ಮೆ ಬಾವಿ ಕೆಟ್ಟಿದೆ ಅಂತ ಗುಲ್ಲೆದ್ದಿತ್ತಲ್ಲ, ಅದು?’

‘ಅದೂ ನಾನೇ. ಅದು ಯಾಕೆ ತಪ್ಪಾಯ್ತು ಅಂತ ಮೂರನೇ ಪುಟದಲ್ಲಿದೆ.’

ಅವರು ಮೂರನೇ ಪುಟಕ್ಕೆ ತಿರುಗಿಸಿ ಓದಿದರು. ನಮ್ಮ ಸಾಲಿನ ಪೈಪು ಬದಲಾಯಿಸಲು ಬರೆದುಕೊಂಡಿದ್ದಾರೆ. ನಾನು ವಾರಕ್ಕೊಮ್ಮೆ ಹೋಗಿ ಕೇಳುತ್ತೇನೆ. ಪೀಪಾಯಿಯಿಂದ ಸೋರುವ ಹನಿಯ ಹಾಗೆ ತಪ್ಪದೆ ಬರುತ್ತೀರಿ ಎನ್ನುತ್ತಾನೆ ಅಲ್ಲಿಯ ಜವಾನ.

ಗಣಿಯ ಜಾಗ ಬೇರೆಯವರಿಗೆ ಹೋಯಿತು. ಒಂದು ದಿನ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಮಳೆಗಾಲದ ಪರೀಕ್ಷೆಗೆ ಕಟ್ಟಿದ್ದೇನೆ. ಇಲಾಖೆಯ ನೀರಿನ ಲ್ಯಾಬಿನಲ್ಲಿ ಪರೀಕ್ಷಕರ ಹುದ್ದೆಗೆ ಅರ್ಜಿ ಕರೆದಿದ್ದಾರೆ, ಹಾಕಿದ್ದೇನೆ. ಸಿಗದಿದ್ದರೆ ಮತ್ತೆ ಹಾಕುತ್ತೇನೆ. ಓದು ಮುಗಿದ ಮೇಲೆ ನನ್ನನ್ನು ಏನೆಂದು ಕರೆಯಬೇಕು ಎಂದು ನಿಮ್ಮಪ್ಪ ಕೇಳಿದ್ದರು. ನೀರು ನೋಡುವವಳು ಅನ್ನಲಿ, ಸಾಕು.

ನಿನ್ನ ಎರಡನೇ ರಕ್ತದ ವರದಿ ಇಳಿದಿದೆ ಎಂದು ಅಳಿಯ ಫೋನು ಮಾಡಿದಾಗ ನಾನು ಅಂಕಿಯನ್ನು ಅಂಗೈ ಮೇಲೆಯೇ ಬರೆದುಕೊಂಡೆ. ಇಳಿದಿದೆ, ಆದರೆ ಡಾಕ್ಟರಮ್ಮ ಅಂದುಕೊಂಡಷ್ಟು ಬೇಗ ಇಳಿದಿಲ್ಲ ಎಂದೂ ಹೇಳಿದ. ಅದು ನನ್ನ ತಲೆಯಿಂದ ಹೋಗುತ್ತಿಲ್ಲ. ಇಲಾಖೆಗೆ ಕಾಯದೆ ತೊಟ್ಟಿಯ ಕೆಳಗಿನ ಪೈಪನ್ನೆಲ್ಲ ತೆಗೆದು ಹೊಸದು ಹಾಕಿದ್ದೇವೆ, ಈಗ ಅಡುಗೆಗೆ ನಲ್ಲಿ ನೀರನ್ನೇ ಬಳಸುತ್ತಿದ್ದೇವೆ ಎಂದ. ಎಲ್ಲ ಅಂದರೆ ಎಲ್ಲಿಯವರೆಗೆ? ಬೀದಿಯ ಪೈಪು ನಮ್ಮ ಗೋಡೆಯೊಳಗೆ ನುಗ್ಗುವಲ್ಲಿ ಒಂದು ಗೇಣುದ್ದದ ಹಳೆಯ ತುಂಡು ಇರುತ್ತದೆ, ಗಾರೆಯ ಹಿಂದೆ, ಕಣ್ಣಿಗೆ ಬೀಳುವುದಿಲ್ಲ. ಅದು ಉಳಿದಿದ್ದರೆ ಸೀಸ ಇನ್ನೂ ನಿನ್ನ ಅಡುಗೆಗೆ ಸೇರುತ್ತಿದೆ. ನೋಡಿದ್ದೇವೆ ಅಂದ. ಬೆಳಕು ಹಿಡಿದು ನೋಡಿದರೋ, ಕೈಯಾಡಿಸಿ ನೋಡಿದರೋ? ಇನ್ನೊಂದು ಸಲ, ಗಾರೆ ಕೆರೆದು, ಮೊಳೆಯಿಂದ ಗೀಚಿ ನೋಡಬೇಕು. ನೀನು ಬಗ್ಗಬೇಡ. ನಿಮ್ಮಪ್ಪನನ್ನು ಬಗ್ಗಿಸು, ನೀನು ಟಾರ್ಚ್ ಹಿಡಿದು ಪಕ್ಕದಲ್ಲಿ ನಿಲ್ಲು, ಹೊಳೆಯುತ್ತದೋ ಇಲ್ಲವೋ ನಿನ್ನ ಕಣ್ಣಿನಿಂದಲೇ ನೋಡಿ ಹೇಳು.

ನಿನ್ನ ಅಮ್ಮ